ಪ್ರೋಗ್ರಾಂ ನಿಧಾನವಾದರೆ: ಎಸ್.ಪಿ. ರಸ್ತೆಗೆ ಹೋಗುವ ಮೊದಲು ಅನುಸರಿಸಬೇಕಾದ ಹಂತಗಳು

ಬಸವನಗುಡಿಯಲ್ಲಿ ಶನಿವಾರ ಸಂಜೆ ನಾನು ನಡೆಸುವ ಪಾಠಕ್ಕೆ ಬರುವವರಲ್ಲಿ ಹೆಚ್ಚಿನವರು ಒಂದೇ ರೀತಿಯಲ್ಲಿ ಸೋಲುತ್ತಾರೆ. ಅವರು ಬರೆದ ಪ್ರೋಗ್ರಾಂ ಚಿಕ್ಕ ಕಡತದ ಮೇಲೆ ಕ್ಷಣದಲ್ಲಿ ಮುಗಿಯುತ್ತದೆ, ದೊಡ್ಡ ಕಡತ ಕೊಟ್ಟರೆ ರಾತ್ರಿಯಿಡೀ ಓಡಿದರೂ ಮುಗಿಯುವುದಿಲ್ಲ. ಕೂಡಲೇ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ ರ್‍ಯಾಮ್ ಕೊಂಡು ತರುತ್ತಾರೆ. ಅದರಿಂದ ಏನೂ ಬದಲಾಗದಿದ್ದಾಗ ಇಡೀ ಪ್ರೋಗ್ರಾಂ ಅನ್ನು ಬೇರೊಂದು ಭಾಷೆಯಲ್ಲಿ ಮತ್ತೆ ಬರೆಯಲು ಕೂರುತ್ತಾರೆ. ಸಮಯ ಎಲ್ಲಿ ಹೋಗುತ್ತಿದೆ ಎಂದು ಅಳೆಯುವ ಕೆಲಸ ಮಾತ್ರ ಕೊನೆಯವರೆಗೂ ಬಾಕಿ ಉಳಿದಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳಷ್ಟೇ ಅವುಗಳ ಕ್ರಮವೂ ಮುಖ್ಯ. ಖರೀದಿಯ ಮಾತು ಕೊನೆಯ ಹಂತದಲ್ಲಿದೆ, ಅದು ಅಲ್ಲಿಯೇ ಇರಬೇಕು.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ: ಒಂದು ಕೋಟಿ ಪದಗಳಿರುವ ಕನ್ನಡ ಪಠ್ಯವನ್ನು ಓದಿ, ಯಾವ ಪದ ಎಷ್ಟು ಬಾರಿ ಬಂದಿದೆ ಎಂದು ಎಣಿಸುವ ಪ್ರೋಗ್ರಾಂ. ಪಠ್ಯ ಬೇಕಾದವರು ಕನ್ನಡ ವಿಕಿಪೀಡಿಯದ ಪೂರ್ಣ ಪ್ರತಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು.

## ಬೇಕಾಗುವ ಸಲಕರಣೆಗಳು

ಲಿನಕ್ಸ್ ಇರುವ ಒಂದು ಯಂತ್ರ ಸಾಕು, ಅದರಲ್ಲಿ ಉಬುಂಟು ಇದ್ದರೆ ಸುಲಭ. ಟೈಮ್, ಎಚ್‌ಟಾಪ್, ವಿಎಂಸ್ಟ್ಯಾಟ್, ಐಓಸ್ಟ್ಯಾಟ್ ಮತ್ತು ಪರ್ಫ್ ಎಂಬ ಐದು ಆದೇಶಗಳು ಬೇಕು; ಐಓಸ್ಟ್ಯಾಟ್ ಕಾಣದಿದ್ದರೆ ಸಿಸ್‌ಸ್ಟ್ಯಾಟ್ ಎಂಬ ಪ್ಯಾಕೇಜನ್ನು ಹಾಕಿಕೊಳ್ಳಿ. ವಿಂಡೋಸ್ ಬಳಸುವವರಿಗೆ ಟಾಸ್ಕ್ ಮ್ಯಾನೇಜರ್ ಮತ್ತು ರಿಸೋರ್ಸ್ ಮಾನಿಟರ್‌ಗಳಿಂದ ಮೊದಲ ಎರಡು ಹಂತಗಳು ಸಾಗುತ್ತವೆ. ಇವೆಲ್ಲಕ್ಕಿಂತ ಅಗತ್ಯವಾದದ್ದು ಒಂದು ನೋಟ್‌ಬುಕ್ ಮತ್ತು ಪೆನ್ನು. ಏಕೆಂದರೆ ಐದನೆಯ ಬದಲಾವಣೆಯ ಹೊತ್ತಿಗೆ ಮೊದಲನೆಯ ಬದಲಾವಣೆಯ ಫಲಿತಾಂಶ ಯಾರಿಗೂ ನೆನಪಿರುವುದಿಲ್ಲ.

## ಹಂತ 1: ದೂರನ್ನು ಸಂಖ್ಯೆಯಲ್ಲಿ ಬರೆದುಕೊಳ್ಳಿ

"ನಿಧಾನವಾಗಿದೆ" ಎಂಬುದು ದೂರು, ಅಳತೆಯಲ್ಲ. ಯಾವ ಕಡತ, ಅದರ ಗಾತ್ರ ಎಷ್ಟು, ಎಷ್ಟು ಸೆಕೆಂಡ್ ಹಿಡಿಯಿತು, ಎಷ್ಟು ಹಿಡಿದರೆ ನಿಮಗೆ ಸಾಕು ಎಂಬ ನಾಲ್ಕನ್ನೂ ಬರೆದುಕೊಳ್ಳಿ. ನಾಲ್ಕನೆಯದನ್ನು ಬರೆಯದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಅದೇ ಕಡತದ ಮೇಲೆ ಪ್ರೋಗ್ರಾಂ ಅನ್ನು ಕನಿಷ್ಠ ಐದು ಬಾರಿ ಓಡಿಸಿ. ಮೊದಲ ಸಲ ಕಡತ ಡಿಸ್ಕಿನಿಂದ ಬರುತ್ತದೆ. ಎರಡನೆಯ ಸಲದಿಂದ ಆಪರೇಟಿಂಗ್ ಸಿಸ್ಟಮ್ ಅದನ್ನು ರ್‍ಯಾಮ್‌ನಲ್ಲಿ ಇಟ್ಟುಕೊಂಡಿರುವ ಕಾರಣ ಓದುವ ಕೆಲಸ ಬೇಗ ಮುಗಿಯುತ್ತದೆ. ಹಳೆಯ ಪ್ರೋಗ್ರಾಂ ಅನ್ನು ಮೊದಲು, ಹೊಸದನ್ನು ಆಮೇಲೆ ಒಂದೊಂದೇ ಸಲ ಓಡಿಸಿ ವೇಗ ಹೆಚ್ಚಿತೆಂದು ಸಂತೋಷಪಟ್ಟವರಲ್ಲಿ ಅನೇಕರು ಅಳೆದದ್ದು ಈ ವ್ಯತ್ಯಾಸವನ್ನಷ್ಟೇ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ ಅಳೆಯಿರಿ, ಬ್ಯಾಟರಿ ಉಳಿತಾಯದ ವ್ಯವಸ್ಥೆ ಪ್ರೊಸೆಸರಿನ ವೇಗವನ್ನು ತಗ್ಗಿಸುತ್ತದೆ. ಮೊದಲ ಎರಡು ನಿಮಿಷ ಚುರುಕಾಗಿ ಓಡಿ ಆಮೇಲೆ ಕುಂಟುತ್ತಿದ್ದರೆ ಅದು ಬಿಸಿಯ ಸೂಚನೆ. ಪ್ರೊಸೆಸರ್ ಮಿತಿಮೀರಿ ಕಾಯ್ದಾಗ ತನ್ನ ಗಡಿಯಾರವನ್ನು, ಅಂದರೆ ಕೆಲಸದ ವೇಗವನ್ನು, ತಾನೇ ಇಳಿಸಿಕೊಳ್ಳುತ್ತದೆ, ನಮ್ಮ ಊರಿನ ರಸ್ತೆ ಅಗೆತದ ಧೂಳು ಫ್ಯಾನಿನ ಜಾಲರಿಯಲ್ಲಿ ಕೂತಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಜಾಲರಿಯನ್ನು ಸ್ವಚ್ಛಗೊಳಿಸಿ ಮತ್ತೆ ಅಳೆಯಿರಿ.

ಸರಿಯಾದ ಉತ್ತರದ ಒಂದು ಪ್ರತಿಯನ್ನೂ ಈಗಲೇ ತೆಗೆದಿಡಿ. ಮುಂದಿನ ಪ್ರತಿ ಬದಲಾವಣೆಯ ನಂತರ ಹೊಸ ಉತ್ತರವನ್ನು ಅದರೊಂದಿಗೆ ಹೋಲಿಸಬೇಕು. ಕನ್ನಡ ಪಠ್ಯದಲ್ಲಿ ಇದು ಹೆಚ್ಚು ಅಗತ್ಯ: "ಕೊ" ಎಂಬ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಪ್ರೋಗ್ರಾಂ ಅವನ್ನು ಬೇರೆ ಬೇರೆ ಪದಗಳೆಂದು ಎಣಿಸುತ್ತದೆ. ಪಠ್ಯವನ್ನು ಮೊದಲು ಒಂದೇ ರೂಪಕ್ಕೆ ತಂದುಕೊಂಡು ಆಮೇಲೆ ವೇಗದ ವಿಚಾರಕ್ಕೆ ಬನ್ನಿ.

## ಹಂತ 2: ಪ್ರೋಗ್ರಾಂ ಯಾವುದಕ್ಕಾಗಿ ಕಾಯುತ್ತಿದೆ ಎಂದು ಕಂಡುಹಿಡಿಯಿರಿ

ಟೈಮ್ ಆದೇಶವು ಮೂರು ಸಂಖ್ಯೆಗಳನ್ನು ಕೊಡುತ್ತದೆ. ರಿಯಲ್ ಎಂಬುದು ಗೋಡೆಯ ಗಡಿಯಾರದಲ್ಲಿ ಕಳೆದ ಸಮಯ. ಯೂಸರ್ ಎಂಬುದು ನಿಮ್ಮ ಕೋಡಿಗಾಗಿ ಪ್ರೊಸೆಸರ್ ದುಡಿದ ಸಮಯ. ಸಿಸ್ ಎಂಬುದು ನಿಮ್ಮ ಪರವಾಗಿ ಆಪರೇಟಿಂಗ್ ಸಿಸ್ಟಮ್ ದುಡಿದ ಸಮಯ. ಒಂದೇ ಥ್ರೆಡ್ (ಒಂದರ ನಂತರ ಒಂದಾಗಿ ನಡೆಯುವ ಸೂಚನೆಗಳ ಸರಣಿ) ಇರುವ ಪ್ರೋಗ್ರಾಂನಲ್ಲಿ ಕೊನೆಯ ಎರಡರ ಮೊತ್ತ ಮೊದಲನೆಯದಕ್ಕೆ ಹತ್ತಿರವಾಗಿದ್ದರೆ ಪ್ರೊಸೆಸರ್ ಪೂರ್ತಿ ತೊಡಗಿಕೊಂಡಿದೆ ಎಂದರ್ಥ. ಮೊತ್ತ ಬಹಳ ಕಡಿಮೆಯಿದ್ದರೆ ಡಿಸ್ಕ್, ನೆಟ್‌ವರ್ಕ್ ಅಥವಾ ಬೇರೊಂದು ಪ್ರೋಗ್ರಾಂನಿಂದ ಏನೋ ಬರಲೆಂದು ಅದು ಸುಮ್ಮನೆ ಕೂತಿದೆ.

ಎರಡನೆಯ ಕಿಟಕಿಯಲ್ಲಿ ವಿಎಂಸ್ಟ್ಯಾಟ್ ಅನ್ನು ಸೆಕೆಂಡಿಗೊಮ್ಮೆ ಅಳೆಯುವಂತೆ ಓಡಿಸಿಡಿ. ಸ್ವಾಪ್ ಎಂಬ ಶೀರ್ಷಿಕೆಯ ಕೆಳಗಿನ ಎರಡು ಅಂಕಣಗಳು ಸತತವಾಗಿ ಸೊನ್ನೆಗಿಂತ ಹೆಚ್ಚು ತೋರಿಸಿದರೆ ರ್‍ಯಾಮ್ ನಿಜವಾಗಿಯೂ ಸಾಲುತ್ತಿಲ್ಲ, ಪುಟಗಳು ಎಂಬ ಮೆಮೊರಿಯ ತುಂಡುಗಳು ಡಿಸ್ಕಿಗೂ ರ್‍ಯಾಮ್‌ಗೂ ನಡುವೆ ಓಡಾಡುತ್ತಿವೆ. ಅವು ಸೊನ್ನೆಯಲ್ಲೇ ಇದ್ದರೆ ಹೊಸ ರ್‍ಯಾಮ್ ಪಟ್ಟಿಯ ಗಾತ್ರದಿಂದ ನಿಮಗೆ ಹೆಚ್ಚಿನ ಪ್ರಯೋಜನವಿಲ್ಲ. ನನ್ನ ಬಳಿ ಬರುವವರಲ್ಲಿ ಬಹುಪಾಲು ಜನ ಈ ಎರಡು ಅಂಕಣಗಳನ್ನು ನೋಡದೆಯೇ ಹಣ ಖರ್ಚು ಮಾಡಿರುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈ ಹಂತದಲ್ಲಿ ಎರಡು ತಪ್ಪು ಓದುಗಳು ಸಾಮಾನ್ಯ. ಮೊದಲನೆಯದು, ಎಂಟು ತಾರ್ಕಿಕ ಪ್ರೊಸೆಸರ್‌ಗಳಿರುವ ಯಂತ್ರದಲ್ಲಿ ಒಂದೇ ಥ್ರೆಡ್ ಇರುವ ಪ್ರೋಗ್ರಾಂ ತನ್ನ ಪೂರ್ಣ ಶಕ್ತಿಯಿಂದ ದುಡಿಯುತ್ತಿದ್ದರೂ ಟಾಸ್ಕ್ ಮ್ಯಾನೇಜರ್ ತೋರಿಸುವುದು ಸುಮಾರು 12.5 ಶೇಕಡಾ. ಅದನ್ನು ನೋಡಿ "ಪ್ರೊಸೆಸರ್ ಖಾಲಿಯಿದೆ, ತೊಂದರೆ ಬೇರೆಲ್ಲೋ ಇದೆ" ಎಂದು ತೀರ್ಮಾನಿಸಬೇಡಿ. ಎರಡನೆಯದು ಇನ್ನೂ ಸೂಕ್ಷ್ಮ: ರ್‍ಯಾಮ್‌ನಿಂದ ದತ್ತಾಂಶ ಬರಲೆಂದು ಪ್ರೊಸೆಸರ್ ಕಾಯುವ ಸಮಯವನ್ನೂ ಆಪರೇಟಿಂಗ್ ಸಿಸ್ಟಮ್ "ದುಡಿಮೆ" ಎಂದೇ ಲೆಕ್ಕಕ್ಕೆ ಹಿಡಿಯುತ್ತದೆ. ನೂರು ಶೇಕಡಾ ಎಂದು ತೋರಿಸುವ ಕೋರ್ (ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ದುಡಿಯುವ ಒಂದು ಘಟಕ) ಅರ್ಧಕ್ಕಿಂತ ಹೆಚ್ಚು ಹೊತ್ತು ಕಾಯುತ್ತಲೇ ಇರಬಹುದು. ಇದನ್ನು ಬಯಲು ಮಾಡುವುದು ಪರ್ಫ್ ಸ್ಟ್ಯಾಟ್: ಪ್ರತಿ ಗಡಿಯಾರ ಸುತ್ತಿಗೆ (ಪ್ರೊಸೆಸರಿನ ಒಂದು ಮಿಡಿತಕ್ಕೆ) ಎಷ್ಟು ಸೂಚನೆಗಳು ಪೂರೈಸಿದವು ಎಂಬ ಸಂಖ್ಯೆ ಅದರಲ್ಲಿ ಬರುತ್ತದೆ. ಅದು 1ಕ್ಕಿಂತ ಕಡಿಮೆಯಿದ್ದರೆ ಮೆಮೊರಿಗಾಗಿ ಕಾಯುತ್ತಿರುವ ಸಾಧ್ಯತೆ ಹೆಚ್ಚು, ಆಗ ಹಂತ 4 ನಿಮಗಾಗಿಯೇ ಇದೆ. 2ಕ್ಕಿಂತ ಹೆಚ್ಚಿದ್ದೂ ಪ್ರೋಗ್ರಾಂ ನಿಧಾನವಾಗಿದ್ದರೆ ಪ್ರೊಸೆಸರ್ ಶ್ರದ್ಧೆಯಿಂದ ಅನಗತ್ಯ ಕೆಲಸ ಮಾಡುತ್ತಿದೆ. ಉತ್ತರ ಹಂತ 3ರಲ್ಲಿದೆ.

## ಹಂತ 3: ಹೆಚ್ಚು ಸಮಯ ತಿನ್ನುವ ಸಾಲನ್ನು ಹುಡುಕಿ, ಕೆಲಸವನ್ನೇ ಕಡಿಮೆ ಮಾಡಿ

ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದಾದರೆ ಪರ್ಫ್ ರೆಕಾರ್ಡ್ ಓಡಿಸಿ, ಪರ್ಫ್ ರಿಪೋರ್ಟ್ ತೆರೆಯಿರಿ. ಪೈಥಾನ್ ಆದರೆ ಅದರೊಂದಿಗೇ ಬರುವ ಸಿಪ್ರೊಫೈಲ್ ಬಳಸಿ. ಯಾವ ಫಂಕ್ಷನ್ ಹೆಚ್ಚು ಸಮಯ ತಿನ್ನುತ್ತಿದೆಯೋ ಅದನ್ನು ಮಾತ್ರ ಮುಟ್ಟಿ. ಒಟ್ಟು ಸಮಯದ 5 ಶೇಕಡಾ ತಿನ್ನುವ ಭಾಗವನ್ನು ಎಷ್ಟೇ ತಿದ್ದಿದರೂ 5 ಶೇಕಡಾಕ್ಕಿಂತ ಹೆಚ್ಚು ಉಳಿಯುವುದಿಲ್ಲ.

ನಮ್ಮ ಪದ ಎಣಿಕೆಯಲ್ಲಿ ಹೊಸಬರು ಬರೆಯುವ ಮೊದಲ ರೂಪ ಹೀಗಿರುತ್ತದೆ: ಈವರೆಗೆ ಕಂಡ ಪದಗಳ ಒಂದು ಪಟ್ಟಿ, ಹೊಸ ಪದ ಬಂದಾಗಲೆಲ್ಲ ಪಟ್ಟಿಯ ತಲೆಯಿಂದ ಬಾಲದವರೆಗೆ ಹುಡುಕಾಟ. ಬೇರೆ ಬೇರೆ ಪದಗಳು ಒಂದು ಲಕ್ಷವಿದ್ದು, ಪ್ರತಿ ಹುಡುಕಾಟಕ್ಕೆ ಸರಾಸರಿ ಅರ್ಧ ಪಟ್ಟಿ ಸವೆದರೆ, ಒಂದು ಕೋಟಿ ಪದಗಳಿಗೆ ಐವತ್ತು ಸಾವಿರ ಕೋಟಿ ಹೋಲಿಕೆಗಳು ಬೇಕು. ಸೆಕೆಂಡಿಗೆ ಹತ್ತು ಕೋಟಿ ಹೋಲಿಕೆ ನಡೆದರೂ ಇದಕ್ಕೆ 5000 ಸೆಕೆಂಡ್ ಬೇಕಾಗುತ್ತದೆ. "ಮತ್ತು", "ಈ", "ಒಂದು" ಮುಂತಾದ ಪದಗಳು ಪಟ್ಟಿಯ ಆರಂಭದಲ್ಲೇ ಸಿಗುವುದರಿಂದ ವಾಸ್ತವದಲ್ಲಿ ಲೆಕ್ಕ ಸ್ವಲ್ಪ ಇಳಿಯುತ್ತದೆ ನಿಜ, ಆದರೆ ಚಿಕ್ಕ ಕಡತದಲ್ಲಿ ಪಟ್ಟಿಯೂ ಚಿಕ್ಕದಾಗಿರುವುದರಿಂದ ಪ್ರೋಗ್ರಾಂ ಚುರುಕಾಗಿ ಕಂಡು ನಮ್ಮನ್ನು ಮೋಸಗೊಳಿಸುತ್ತದೆ.

ಪಟ್ಟಿಯ ಬದಲು, ಪದದಿಂದಲೇ ಅದರ ಜಾಗವನ್ನು ಲೆಕ್ಕಹಾಕಿ ನೇರವಾಗಿ ಅಲ್ಲಿ ಇಣುಕುವ ಹ್ಯಾಶ್ ಟೇಬಲ್ ಬಳಸಿದರೆ, ಅಂದರೆ ಪೈಥಾನಿನ ಡಿಕ್ಷನರಿಯನ್ನು ಬಳಸಿದರೆ, ಒಂದು ಪದಕ್ಕೆ ಒಂದೆರಡು ಇಣುಕುಗಳಲ್ಲಿ ಉತ್ತರ ಸಿಗುತ್ತದೆ. ಒಂದು ಕೋಟಿ ಪದಗಳಿಗೆ ಕೆಲವು ಕೋಟಿ ಇಣುಕುಗಳು ಸಾಕು. ಯಾವ ಪ್ರೊಸೆಸರ್ ಕೊಂಡರೂ ಇಷ್ಟು ಅಂತರ ಬರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪರಮ್ ಪ್ರವೇಗದಂತಹ 3.3 ಪೆಟಾಫ್ಲಾಪ್ ವೇಗದ ಸೂಪರ್‌ಕಂಪ್ಯೂಟರಿನ ಮೇಲೂ ಪಟ್ಟಿ ಹುಡುಕುವ ಒಂದೇ ಥ್ರೆಡ್ಡಿನ ಪ್ರೋಗ್ರಾಂ ಒಂದು ಕೋರಿನ ವೇಗದಲ್ಲಷ್ಟೇ ಓಡುತ್ತದೆ.

ಪರೀಕ್ಷೆ ಸುಲಭ. ಕಡತದ ಗಾತ್ರವನ್ನು ಎರಡು ಪಟ್ಟು ಮಾಡಿ. ಸಮಯವೂ ಸುಮಾರು ಎರಡು ಪಟ್ಟಾದರೆ ಸರಿ. ನಾಲ್ಕು ಪಟ್ಟಾದರೆ ಎಲ್ಲೋ ಒಂದು ಲೂಪಿನೊಳಗೆ ಇನ್ನೊಂದು ಲೂಪ್ ಅಡಗಿದೆ.

## ಹಂತ 4: ದತ್ತಾಂಶ ಮೆಮೊರಿಯಲ್ಲಿ ಹೇಗೆ ಕೂತಿದೆ ಎಂದು ನೋಡಿ

ಇದು ಅತಿ ಹೆಚ್ಚು ಜನ ದಾಟಿಹೋಗುವ ಹಂತ. ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ಒಂದಕ್ಕೊಂದು ನೇರವಾಗಿ ತಾಕುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಪ್ರೊಸೆಸರಿನ ಒಳಗೆ ಇರುವ ಚಿಕ್ಕ, ಅತಿವೇಗದ ಮೆಮೊರಿಯಾದ ಮೊದಲ ಮಟ್ಟದ ಕ್ಯಾಶ್‌ನಿಂದ ದತ್ತಾಂಶ ಬರಲು ಸುಮಾರು ಒಂದು ನ್ಯಾನೊಸೆಕೆಂಡ್ ಸಾಕು. ರ್‍ಯಾಮ್‌ನಿಂದ ಬರಲು ಸುಮಾರು ನೂರು, ಒಳ್ಳೆಯ ಎಸ್‌ಎಸ್‌ಡಿಯಿಂದ ಸುಮಾರು ಒಂದು ಲಕ್ಷ, ತಿರುಗುವ ಹಾರ್ಡ್ ಡಿಸ್ಕಿನಿಂದ ಒಂದು ಕೋಟಿಯ ಆಸುಪಾಸು ನ್ಯಾನೊಸೆಕೆಂಡ್ ಬೇಕು. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಗ್ಗರಣೆ ಡಬ್ಬಿಯಿಂದ ಸಾಸಿವೆ ತೆಗೆಯಲು ಒಂದು ಸೆಕೆಂಡ್ ಆದರೆ, ರ್‍ಯಾಮ್ ಎಂಬ ಉಗ್ರಾಣಕ್ಕೆ ಹೋಗಿಬರಲು ಒಂದೂವರೆ ನಿಮಿಷ, ಎಸ್‌ಎಸ್‌ಡಿಯಿಂದ ತರಿಸಲು ಒಂದು ದಿನಕ್ಕಿಂತ ಹೆಚ್ಚು, ಹಾರ್ಡ್ ಡಿಸ್ಕಿನಿಂದ ತರಿಸಲು ಸುಮಾರು ನಾಲ್ಕು ತಿಂಗಳು. ಎಣ್ಣೆ ಕಾದ ಮೇಲೆ ಉಗ್ರಾಣಕ್ಕೆ ಓಡುವವರ ಒಗ್ಗರಣೆ ಸೀಯುತ್ತದೆ, ಆದ್ದರಿಂದ ಬೇಕಾದದ್ದು ಡಬ್ಬಿಯಲ್ಲಿ ಮೊದಲೇ ಇರಬೇಕು.

ಆದರೆ ಡಬ್ಬಿ ಚಿಕ್ಕದು, ಮೊದಲ ಮಟ್ಟದ ಕ್ಯಾಶ್ ಹಲವು ಪ್ರೊಸೆಸರ್‌ಗಳಲ್ಲಿ ಒಂದು ಕೋರಿಗೆ 32ರಿಂದ 48 ಕಿಲೋಬೈಟ್. ದತ್ತಾಂಶ ಅದರೊಳಗೆ ಬಿಡಿಬಿಡಿ ಬೈಟುಗಳಾಗಿ ಬರುವುದಿಲ್ಲ, ಕ್ಯಾಶ್ ಲೈನ್ ಎಂಬ ಕಂತೆಗಳಾಗಿ ಬರುತ್ತದೆ. ಇಂಟೆಲ್ ಮತ್ತು ಎಎಂಡಿ ಯಂತ್ರಗಳಲ್ಲಿ ಒಂದು ಕಂತೆ 64 ಬೈಟ್. ನೀವು 4 ಬೈಟ್ ಕೇಳಿದರೂ 64 ಬೈಟ್ ಬರುತ್ತದೆ. ಉಳಿದ 60 ಬೈಟ್ ನಿಮ್ಮ ಮುಂದಿನ ಕೆಲಸಕ್ಕೆ ಉಪಯೋಗವಾಗುವುದೋ ವ್ಯರ್ಥವಾಗುವುದೋ ಎಂಬುದನ್ನು ನಿಮ್ಮ ವಿನ್ಯಾಸ ನಿರ್ಧರಿಸುತ್ತದೆ.

ಓದುವ ದಿಕ್ಕು. 10,000 ಸಾಲು ಮತ್ತು 10,000 ಕಂಬಗಳ, ಒಂದೊಂದು ಸಂಖ್ಯೆಗೂ 8 ಬೈಟ್ ಇರುವ ಕೋಷ್ಟಕ 80 ಕೋಟಿ ಬೈಟ್ ಹಿಡಿಯುತ್ತದೆ. ಸಿ ಭಾಷೆಯಲ್ಲಿ ಇದು ಸಾಲು ಸಾಲಾಗಿ ಕೂರುತ್ತದೆ. ಸಾಲಿನ ಉದ್ದಕ್ಕೂ ಕೂಡುತ್ತಾ ಹೋದರೆ ಒಂದು ಕಂತೆಯಲ್ಲಿ ಎಂಟು ಸಂಖ್ಯೆಗಳು ಸಿಗುತ್ತವೆ. ಕಂಬದ ಉದ್ದಕ್ಕೂ ಇಳಿದರೆ ಪ್ರತಿ ಹೆಜ್ಜೆಗೂ 80,000 ಬೈಟ್ ಜಿಗಿತ, ಪ್ರತಿ ಜಿಗಿತಕ್ಕೂ ಹೊಸ ಕಂತೆ, ಅದರಲ್ಲಿ ಉಪಯೋಗವಾಗುವುದು ಒಂದೇ ಸಂಖ್ಯೆ. ಎರಡು ಲೂಪ್‌ಗಳ ಕ್ರಮವನ್ನು ಅದಲುಬದಲು ಮಾಡಿದರೆ ಸಾಕು. ಫೋರ್‌ಟ್ರಾನ್‌ನಲ್ಲಿ ಇದು ತಿರುಗುಮುರುಗು ಎಂಬುದನ್ನು ಮರೆಯಬೇಡಿ.

ದಾಖಲೆಯ ಆಕಾರ. ಒಂದು ಬಸ್ ಟಿಕೆಟಿನ ದಾಖಲೆ 200 ಬೈಟ್ ಇದ್ದು, ನಿಮಗೆ ಬೇಕಾದದ್ದು 4 ಬೈಟಿನ ದರ ಮಾತ್ರ ಎಂದುಕೊಳ್ಳಿ. ಹತ್ತು ಲಕ್ಷ ದಾಖಲೆಗಳ ದರ ಕೂಡಲು ಹತ್ತು ಲಕ್ಷ ಕಂತೆಗಳು, ಅಂದರೆ 6.4 ಕೋಟಿ ಬೈಟ್ ಬರಬೇಕು. ದರಗಳನ್ನು ಮಾತ್ರ ಬೇರೆ ಸಾಲಿನಲ್ಲಿ ಒತ್ತಾಗಿ ಇಟ್ಟರೆ 40 ಲಕ್ಷ ಬೈಟ್ ಸಾಕು, ಹದಿನಾರರಲ್ಲಿ ಒಂದು ಪಾಲು.

ಪೈಥಾನಿನ ಪಟ್ಟಿ. ಪೈಥಾನಿನ ಪಟ್ಟಿಯಲ್ಲಿ ಸಂಖ್ಯೆಗಳು ಇರುವುದಿಲ್ಲ, ಅವುಗಳ ವಿಳಾಸಗಳು ಇರುತ್ತವೆ. 64 ಬಿಟ್ ಯಂತ್ರದಲ್ಲಿ ವಿಳಾಸಕ್ಕೆ 8 ಬೈಟ್, ಸಾಮಾನ್ಯ ಪೂರ್ಣಾಂಕದ ವಸ್ತುವಿಗೆ 28 ಬೈಟ್. ಒಂದು ಕೋಟಿ ಸಂಖ್ಯೆಗಳಿಗೆ ಸುಮಾರು 36 ಕೋಟಿ ಬೈಟ್. ಪೈಥಾನಿನ ಗಣಿತ ಗ್ರಂಥಾಲಯವಾದ ನಮ್‌ಪೈಯಲ್ಲಿ 32 ಬಿಟ್ ಪೂರ್ಣಾಂಕಗಳಾಗಿ ಇಟ್ಟರೆ 4 ಕೋಟಿ ಬೈಟ್.

ಈಗ ನಮ್ಮ ಪದ ಎಣಿಕೆಗೆ ಬರೋಣ, ಏಕೆಂದರೆ ಕನ್ನಡ ಇಲ್ಲಿ ತನ್ನದೇ ಆದ ಸವಾಲನ್ನು ಒಡ್ಡುತ್ತದೆ. ಯುಟಿಎಫ್-8 (ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಕಡತದಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟ್ ಹಿಡಿಯುತ್ತದೆ, ಗುಣಿತಾಕ್ಷರದ ಸ್ವರಚಿಹ್ನೆ ಬೇರೆ ಸಂಕೇತ, ಒತ್ತಕ್ಷರದ ಹಲಂತವೂ ಬೇರೆ. "ಬೆಂಗಳೂರಿನಲ್ಲಿ" ಎಂಬ ಪದದಲ್ಲಿ 13 ಸಂಕೇತಗಳಿವೆ, ಹಾಗಾಗಿ ಅದು 39 ಬೈಟ್. ಪೈಥಾನಿನ ಒಳಗೆ ಒಂದು ಸಂಕೇತಕ್ಕೆ 2 ಬೈಟಿನಂತೆ 26 ಬೈಟ್ ಆದರೂ, ಪ್ರತಿ ಪದದ ವಸ್ತುವಿಗೂ ಇನ್ನೂ ಐವತ್ತಕ್ಕಿಂತ ಹೆಚ್ಚು ಬೈಟ್‌ಗಳ ತಲೆಭಾರ ಸೇರುತ್ತದೆ. ಇದರ ಮೇಲೆ, ನಮ್ಮ ಭಾಷೆಯಲ್ಲಿ ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರೆಗೂ, ಮನೆಯವರಿಗಾದರೂ ಎಂದು ಒಂದೇ ಪದ ಪ್ರತ್ಯಯಗಳನ್ನು ಹೊತ್ತು ಹತ್ತಾರು ರೂಪ ತಾಳುತ್ತದೆ, ಸಂಧಿಯಾದಾಗ ಇನ್ನಷ್ಟು. ಪಠ್ಯ ಬೆಳೆದಂತೆಲ್ಲ ಹೊಸ ರೂಪಗಳು ಬರುತ್ತಲೇ ಇರುತ್ತವೆ, ಹ್ಯಾಶ್ ಟೇಬಲ್ ಉಬ್ಬುತ್ತಲೇ ಹೋಗುತ್ತದೆ, ಕ್ಯಾಶ್‌ನ ಅಂಚನ್ನು ಬೇಗ ದಾಟುತ್ತದೆ. ಇಂಗ್ಲಿಷ್ ಪಠ್ಯದ ಮೇಲೆ ಚೆನ್ನಾಗಿ ಓಡಿದ ಅದೇ ಪ್ರೋಗ್ರಾಂ ಅಷ್ಟೇ ಪದಗಳ ಕನ್ನಡ ಪಠ್ಯದ ಮೇಲೆ ಕುಂಟುವುದಕ್ಕೆ ಇದು ಮುಖ್ಯ ಕಾರಣ, ಯಂತ್ರದ್ದೇನೂ ದೋಷವಿಲ್ಲ.

ಪರಿಹಾರ ಹೀಗೆ. ಪಠ್ಯವನ್ನು ಒಂದೇ ಒಂದು ಬಾರಿ ಓದಿ, ಪ್ರತಿ ಬೇರೆ ಪದಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ಪಠ್ಯವನ್ನು 4 ಬೈಟಿನ ಸಂಖ್ಯೆಗಳ ಸಾಲಾಗಿ ಬರೆದಿಟ್ಟುಕೊಳ್ಳಿ. ಆಮೇಲಿನ ಎಣಿಕೆ, ಜೋಡಿಪದಗಳ ಹುಡುಕಾಟ, ವಿಂಗಡಣೆ ಎಲ್ಲವೂ ಸಂಖ್ಯೆಗಳ ಮೇಲೆಯೇ ನಡೆಯಲಿ. ಮೇಲಿನ ಪದದ 39 ಬೈಟಿನ ಜಾಗದಲ್ಲಿ 4 ಬೈಟ್ ಓಡಾಡುತ್ತದೆ, ಒಂದು ಕಂತೆಯಲ್ಲಿ ಹದಿನಾರು ಪದಗಳು ಬರುತ್ತವೆ. ಒಂದೇ ಸಲ ಎಣಿಸಿ ಬಿಡುವವರಿಗೆ ಈ ಶ್ರಮ ಬೇಡ; ಅದೇ ಪಠ್ಯದ ಮೇಲೆ ಮತ್ತೆ ಮತ್ತೆ ಕೆಲಸ ಮಾಡುವವರು ಇದನ್ನು ಬಿಡಬಾರದು.

## ಹಂತ 5: ಕವಲುಗಳನ್ನು ಪರಿಶೀಲಿಸಿ

ಪ್ರೊಸೆಸರ್ ಒಂದು "ಹೀಗಿದ್ದರೆ" ಎಂಬ ಕವಲು ಕಂಡಾಗ ಯಾವ ದಾರಿ ಹಿಡಿಯಬೇಕೆಂದು ಮೊದಲೇ ಊಹಿಸಿ ಮುಂದೆ ಹೋಗುತ್ತದೆ. ಊಹೆ ತಪ್ಪಿದರೆ ಮಾಡಿದ ಕೆಲಸವನ್ನು ಕೈಬಿಟ್ಟು ಹಿಂದಿರುಗಬೇಕು. ಅದಕ್ಕೆ ಸುಮಾರು 15ರಿಂದ 20 ಗಡಿಯಾರ ಸುತ್ತುಗಳ ದಂಡ. ಪರ್ಫ್ ಸ್ಟ್ಯಾಟ್‌ನಲ್ಲಿ ತಪ್ಪಿದ ಕವಲುಗಳ ಪ್ರಮಾಣ ಒಂದೆರಡು ಶೇಕಡಾದೊಳಗಿದ್ದರೆ ಈ ಹಂತವನ್ನು ಬಿಟ್ಟು ಮುಂದೆ ನಡೆಯಿರಿ. ಹೆಚ್ಚಿದ್ದರೆ ದತ್ತಾಂಶವನ್ನು ಮೊದಲೇ ವಿಂಗಡಿಸಿಕೊಳ್ಳುವುದರಿಂದ ಊಹೆ ಸರಿಹೋಗುತ್ತದೆ. ಸಿ ಕೋಡನ್ನು ಕಂಪೈಲ್ ಮಾಡುವಾಗ ಸುಧಾರಣೆಯ ಎರಡನೆಯ ಮಟ್ಟವನ್ನು (-O2) ಆನ್ ಮಾಡಿದ್ದೀರಾ ಎಂದೂ ನೋಡಿಕೊಳ್ಳಿ.

## ಹಂತ 6: ಈಗ ಮಾತ್ರ ಕೋರ್‌ಗಳನ್ನು ಹೆಚ್ಚಿಸಿ

ಒಂದು ಕೋರಿನ ಮೇಲೆ ಸರಿಯಾಗಿ ಓಡದ ಕೋಡನ್ನು ಎಂಟು ಕೋರ್‌ಗಳ ಮೇಲೆ ಹರಡಿದರೆ ಎಂಟು ಕಡೆ ತಪ್ಪು ಹುಡುಕಬೇಕಾಗುತ್ತದೆ. ಮೊದಲು ಲೆಕ್ಕ ಹಾಕಿ: ಕೆಲಸದ 20 ಶೇಕಡಾ ಭಾಗವನ್ನು ಹಂಚಲು ಸಾಧ್ಯವಿಲ್ಲದಿದ್ದರೆ ಎಂಟು ಕೋರ್‌ಗಳಿಂದ ಸಿಗುವ ಗರಿಷ್ಠ ವೇಗ 3.3 ಪಟ್ಟು, ಎಷ್ಟೇ ಕೋರ್ ಸೇರಿಸಿದರೂ 5 ಪಟ್ಟು ದಾಟುವುದಿಲ್ಲ. ಇದನ್ನೇ ಆಮ್ಡಾಲ್ ನಿಯಮ ಎನ್ನುತ್ತಾರೆ.

ಪದ ಎಣಿಕೆಯಲ್ಲಿ ಎಲ್ಲ ಥ್ರೆಡ್‌ಗಳೂ ಒಂದೇ ಹ್ಯಾಶ್ ಟೇಬಲಿಗೆ ಬೀಗ ಹಾಕಿ ಬರೆಯುವುದು ಸಾಮಾನ್ಯ ತಪ್ಪು. ಆಗ ಎಲ್ಲರೂ ಬೀಗದ ಮುಂದೆ ಸಾಲು ನಿಲ್ಲುತ್ತಾರೆ. ಕಡತವನ್ನು ಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಸ್ವಂತ ಟೇಬಲ್ ಕೊಟ್ಟು, ಕೊನೆಯಲ್ಲಿ ಒಟ್ಟುಗೂಡಿಸಿ. ಭಾಗ ಮಾಡುವಾಗ ಬೈಟ್ ಲೆಕ್ಕದಲ್ಲಿ ಕತ್ತರಿಸಬೇಡಿ, 3 ಬೈಟಿನ ಸಂಕೇತವೊಂದು ನಡುವೆ ತುಂಡಾಗುತ್ತದೆ. ಸಾಲಿನ ಕೊನೆಯಲ್ಲಿ ಕತ್ತರಿಸಿ. ಪೈಥಾನಿನ ಸಾಮಾನ್ಯ ಆವೃತ್ತಿಯಲ್ಲಿ ಥ್ರೆಡ್‌ಗಳಿಂದ ಲೆಕ್ಕಾಚಾರದ ವೇಗ ಹೆಚ್ಚುವುದಿಲ್ಲ, ಪ್ರತ್ಯೇಕ ಪ್ರೊಸೆಸ್‌ಗಳನ್ನು ಬಳಸಬೇಕು.

ಇನ್ನೊಂದು ಅಡಗಿದ ತೊಂದರೆ: ಎರಡು ಥ್ರೆಡ್‌ಗಳ ಎಣಿಕೆಯ ಚರಗಳು ಅಕ್ಕಪಕ್ಕದಲ್ಲಿ ಒಂದೇ 64 ಬೈಟಿನ ಕಂತೆಯಲ್ಲಿ ಕೂತಿದ್ದರೆ, ಒಂದು ಕೋರ್ ಬರೆದಾಗಲೆಲ್ಲ ಇನ್ನೊಂದರ ಪ್ರತಿ ಅಮಾನ್ಯವಾಗುತ್ತದೆ. ಅವುಗಳ ನಡುವೆ ದತ್ತಾಂಶದ ಸಂಬಂಧ ಇಲ್ಲದಿದ್ದರೂ ಕಂತೆ ಎರಡು ಕೋರ್‌ಗಳ ನಡುವೆ ಓಡಾಡುತ್ತಲೇ ಇರುತ್ತದೆ. ಥ್ರೆಡ್ ಹೆಚ್ಚಿಸಿದಂತೆ ವೇಗ ಇಳಿಯುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ, ಚರಗಳ ನಡುವೆ ಜಾಗ ಬಿಡಿ.

## ಹಂತ 7: ಡಿಸ್ಕ್, ಡೇಟಾಬೇಸ್ ಮತ್ತು ದೂರ

ಹಂತ 2ರಲ್ಲಿ ಪ್ರೊಸೆಸರ್ ಸುಮ್ಮನೆ ಕೂತಿರುವುದು ಕಂಡವರು ನೇರವಾಗಿ ಇಲ್ಲಿಗೆ ಬರಬಹುದು. ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ಮಾತ್ರ ತಿರುಗುತ್ತದೆ. ಎಸ್‌ಕ್ಯೂಲೈಟ್‌ನಂತಹ ಡೇಟಾಬೇಸಿಗೆ ಪ್ರತಿ ಸಾಲನ್ನೂ ಪ್ರತ್ಯೇಕ ವಹಿವಾಟಾಗಿ (ಟ್ರಾನ್ಸಾಕ್ಷನ್) ಸೇರಿಸಿದರೆ ಪ್ರತಿ ಸಲವೂ ದತ್ತಾಂಶ ಡಿಸ್ಕಿನ ತಟ್ಟೆಗೆ ತಲುಪುವವರೆಗೆ ಕಾಯಬೇಕಾದ್ದರಿಂದ ಸೆಕೆಂಡಿಗೆ ನೂರು ಸಾಲುಗಳೂ ಸೇರುವುದು ಕಷ್ಟ. ಸಾವಿರಾರು ಸಾಲುಗಳನ್ನು ಒಂದೇ ವಹಿವಾಟಿನಲ್ಲಿ ಕಟ್ಟಿ ಸೇರಿಸಿ.

ಡೇಟಾಬೇಸ್ ಮುಂಬೈನ ಸರ್ವರ್‌ನಲ್ಲಿದ್ದು ಪ್ರೋಗ್ರಾಂ ಬೆಂಗಳೂರಿನಲ್ಲಿದ್ದರೆ, ನೇರ ದೂರವೇ 800 ಕಿಲೋಮೀಟರ್‌ಗಿಂತ ಹೆಚ್ಚು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುವುದರಿಂದ ಹೋಗಿಬರಲು ಕನಿಷ್ಠ 8 ಮಿಲಿಸೆಕೆಂಡ್ ಬೇಕು, ಕೇಬಲ್ ಸುತ್ತಿಬರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಲೂಪಿನೊಳಗೆ ಒಂದು ಸಾವಿರ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರೆ ಪ್ರಯಾಣಕ್ಕೇ 8 ಸೆಕೆಂಡ್ ಹೋಗುತ್ತದೆ. ಪ್ರಶ್ನೆಗಳನ್ನು ಸೇರಿಸಿ ಒಂದೇ ಪ್ರಶ್ನೆಯಾಗಿ ಕೇಳುವುದು ಇದಕ್ಕೆ ಸುಲಭ ದಾರಿ.

## ಹಂತ 8: ಎಸ್.ಪಿ. ರಸ್ತೆಯಲ್ಲಿ ಏನು ಕೊಳ್ಳಬೇಕು

ಇಷ್ಟಾದ ಮೇಲೂ ಹಂತ 1ರಲ್ಲಿ ಬರೆದ ಗುರಿ ಮುಟ್ಟದಿದ್ದರೆ ಅಳತೆ ತೋರಿಸಿದ ಭಾಗವನ್ನು ಮಾತ್ರ ಕೊಳ್ಳಿ.

ಸ್ವಾಪ್ ನಡೆಯುತ್ತಿದ್ದರೆ ರ್‍ಯಾಮ್. ಹೊರಡುವ ಮೊದಲು ಮದರ್‌ಬೋರ್ಡಿನ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳಿ, ಹಳೆಯ ಪೀಳಿಗೆಯ ಡಿಡಿಆರ್4 ಪಟ್ಟಿ ಹೊಸ ಪೀಳಿಗೆಯ ಡಿಡಿಆರ್5 ಜಾಗದಲ್ಲಿ ಕೂರುವುದಿಲ್ಲ. ಎರಡು ಚಾನೆಲ್ (ಪ್ರೊಸೆಸರಿಗೂ ಮೆಮೊರಿಗೂ ನಡುವಿನ ದಾರಿ) ಇರುವ ಬೋರ್ಡಿಗೆ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಮೇಲು: ಡಿಡಿಆರ್4-3200ರ ಒಂದು ಚಾನೆಲ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಿದರೆ ಎರಡು ಸೇರಿ 51.2 ಜಿಬಿ ಸಾಗಿಸುತ್ತವೆ. ಅಂಗಡಿಯಲ್ಲಿ ಒಂದು ಪಟ್ಟಿಯನ್ನೇ ಕೊಡಲು ಒತ್ತಾಯಿಸಿದರೆ ಒಪ್ಪಬೇಡಿ.

ಡಿಸ್ಕಿಗಾಗಿ ಕಾಯುತ್ತಿದ್ದರೆ ಎಸ್‌ಎಸ್‌ಡಿ. ಸಾಟಾ ಮಾದರಿ ಸೆಕೆಂಡಿಗೆ ಸುಮಾರು 550 ಎಂಬಿಯಲ್ಲಿ ನಿಲ್ಲುತ್ತದೆ, ಎನ್‌ವಿಎಂಇ ಮಾದರಿ ಅದರ ಹಲವು ಪಟ್ಟು ಕೊಡುತ್ತದೆ. ಆದರೆ ಎಂ.2 ಎಂಬ ಕಿರಿದಾದ ಕಿಂಡಿಗಳಲ್ಲಿ ಕೆಲವು ಸಾಟಾ ಮಾತ್ರ ಒಪ್ಪುತ್ತವೆ, ಆಕಾರ ನೋಡಿ ಮೋಸಹೋಗದೆ ಬೋರ್ಡಿನ ಕೈಪಿಡಿ ನೋಡಿ. ಕೊಂಡ ಮೇಲೆ ಪೂರ್ತಿ ತುಂಬಿಸಬೇಡಿ, ಖಾಲಿ ಜಾಗ ಕಡಿಮೆಯಾದಂತೆ ಬರೆಯುವ ವೇಗ ಇಳಿಯುತ್ತದೆ.

ಪ್ರೊಸೆಸರ್ ಬದಲಿಸುವವರು ಪ್ರೋಗ್ರಾಂ ಒಂದೇ ಥ್ರೆಡ್ಡಿನದಾದರೆ ಕೋರ್‌ಗಳ ಸಂಖ್ಯೆಗೆ ಹಣ ಕೊಡಬೇಡಿ, ಒಂದು ಕೋರಿನ ವೇಗ ಮತ್ತು ಕ್ಯಾಶ್ ಗಾತ್ರವನ್ನು ನೋಡಿ. ಬಿಲ್ಲನ್ನು ಜಿಎಸ್‌ಟಿ ಸಹಿತ ಪಡೆಯಿರಿ, ಸರಣಿ ಸಂಖ್ಯೆ ಅದರಲ್ಲಿ ಬರೆಸಿಕೊಳ್ಳಿ, ವಾರಂಟಿಗೆ ಅದೇ ಆಧಾರ. ಮನೆಗೆ ಬಂದು ಭಾಗವನ್ನು ಜೋಡಿಸಿದ ಮೇಲೆ ಹಂತ 1ರ ಅದೇ ಕಡತವನ್ನು ಅದೇ ರೀತಿ ಐದು ಬಾರಿ ಓಡಿಸಿ, ಹೊಸ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಹಳೆಯವುಗಳ ಪಕ್ಕದ ಅಂಕಣದಲ್ಲಿ ಬರೆಯಿರಿ. ವ್ಯತ್ಯಾಸ ಕಾಣದಿದ್ದರೆ, ಅಂಗಡಿಯವರು ಭಾಗವನ್ನು ಹಿಂದಕ್ಕೆ ತೆಗೆದುಕೊಳ್ಳುವ ಅವಧಿ ಮುಗಿಯುವ ಮೊದಲೇ ಹಂತ 2ನ್ನು ಮತ್ತೊಮ್ಮೆ ಮಾಡಿ.